ಎರಡನೇ ಕಂಟ್ರೋಲರ್ ಯಾರ ಕೈಗೆ?
ಮನೆಯಲ್ಲಿ ರೇಡಿಯೋ, ಟಿವಿ, ಕಂಪ್ಯೂಟರ್, ಫೋನ್, ಸೈಕಲ್ ಇದೆಯೇ ಎಂದು 2011ರ ಜನಗಣತಿ ಕೇಳಿತ್ತು. ವಿಡಿಯೋ ಗೇಮ್ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಅದಕ್ಕೂ ಮೊದಲೇ, 1990ರ ದಶಕದಲ್ಲಿ ನಿಂಟೆಂಡೋ ಗೇಮ್ ಯಂತ್ರದ ಅಗ್ಗದ ನಕಲು ಪೆಟ್ಟಿಗೆಗಳು ಬಂದಾಗ, ಟಿವಿಗೆ ವೈರ್ ಸಿಕ್ಕಿಸಿ, ಕ್ಯಾಸೆಟ್ಟಿನ ಧೂಳು ಊದಿ ಮಾರಿಯೋ ಆಡುವ ಮನೆಯಲ್ಲಿ ಅಕ್ಕಪಕ್ಕದ ಮಕ್ಕಳೆಲ್ಲ ಜಮಾಯಿಸುತ್ತಿದ್ದರು. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಪ್ಲೇಸ್ಟೇಷನ್ 5 ಕನ್ಸೋಲಿನ ಬೆಲೆ ಆಗ 49,990 ರೂಪಾಯಿ ಇತ್ತು. ಆಲ್ದೂರಿನ ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗೆ ಅದು ಎಟುಕುವ ಮಾತಲ್ಲ. ಅಲ್ಲಿನ ಮಕ್ಕಳಿಗೆ ಸಿಗುವುದು ಅಪ್ಪನ ಮೊಬೈಲ್ ಮಾತ್ರ. ಅಂಗೈಯ ಪರದೆಯ ಮುಂದೆ ಮಗು ಒಂಟಿ. ಟಿವಿಯ ಮುಂದಾದರೆ ಪಕ್ಕದಲ್ಲಿ ಜೊತೆಗಾರನಿರುತ್ತಾನೆ. ಅನುಕೂಲಸ್ಥರೇ, ಮಕ್ಕಳಿಗೆ ಕನ್ಸೋಲ್ ಕೊಡಿಸಿದ್ದರೆ ಎರಡನೇ ಕಂಟ್ರೋಲರನ್ನು ಲೈನ್ ಮನೆಯ ಮಗುವಿನ ಕೈಗೂ ಕೊಡಿ.