ಒಂದು ಸಲ ಎಕೋ ಮಾಡಿಸಿದ್ರೆ ಮುಗೀತಾ?



ಮಕ್ಕಳ ಹೃದಯದ ಕಾಯಿಲೆ ಅಂದ್ರೆ ನಮಗೆ ಗೊತ್ತಿರೋದು 'ತೂತು' ಒಂದೇ. ಹೃದಯದ ಸ್ನಾಯುವೇ ಸೋಲುವ ಕಾಯಿಲೆಯೂ ಇದೆ, ಕಾರ್ಡಿಯೋಮಯೋಪತಿ. ಹಾಲು ಕುಡಿಯುವಾಗ ಮಗು ಬೆವರುತ್ತೆ, ಏದುಸಿರು ಬಿಡುತ್ತೆ, ತೂಕ ಏರಲ್ಲ. ಕೇರಿಯಲ್ಲಿ ಇದನ್ನ 'ದೃಷ್ಟಿ ಆಗಿದೆ' ಅಂತ ಬಿಟ್ಬಿಡ್ತಾರೆ.

ಇದನ್ನು ತೋರಿಸೋದು ಎಕೋ. ಶಬ್ದದ ಅಲೆ ಅಷ್ಟೇ, ಸೂಜಿ ಇಲ್ಲ, ವಿಕಿರಣ ಇಲ್ಲ. ಹೃದಯದ ಎಡಗೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರಗೆ ತಳ್ಳುತ್ತೆ ಅಂತ ಅಳೀತಾರೆ. ಸುಮಾರು 55%ಗಿಂತ ಮೇಲಿದ್ರೆ ಸರಿ. ಆದರೆ ಮಗು ಬೆಳೆದಂತೆ ಹೃದಯವೂ ಬೆಳೆಯುತ್ತೆ. ಔಷಧಿ ನಾಟ್ತಿದೆಯಾ, ಡೋಸ್ ಬದಲಿಸಬೇಕಾ ಅಂತ ತಿಳಿಯೋಕೆ ಎಕೋ ಮತ್ತೆ ಮತ್ತೆ ಆಗಬೇಕು.

ಬಡವರು ಸೋಲೋದು ಇಲ್ಲೇ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಇದೆ, ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ತೋರಿಸ್ಕೊಂಡು ವಾಪಸ್ ಹೋಗೋ ಮಗುವಿನ ಎಕೋಗೆ ದುಡ್ಡು ಯಾರದು? 'ಶಕ್ತಿ' ಯೋಜನೆಯಿಂದ ತಾಯಿಗೆ ಬಸ್ ಫ್ರೀ, ಸರಿ. ಆ ದಿನದ ಕೂಲಿ? ತಾರೀಖು ತಪ್ಪಿದ್ರೆ 'ತಾಯಿಯ ನಿರ್ಲಕ್ಷ್ಯ' ಅಂತಾರೆ. ಅದು ನಿರ್ಲಕ್ಷ್ಯ ಅಲ್ಲ ಸ್ವಾಮಿ, ಹೊಟ್ಟೆಯ ಲೆಕ್ಕ.

ನಾನು ಗುಮಾಸ್ತ. ಬೆನ್ನು ಹತ್ತದಿದ್ರೆ ಯಾವ ಫೈಲೂ ಕದಲಲ್ಲ ಅಂತ ಗೊತ್ತು. ಫೈಲಿಗೆ ಹಾಕೋ ಮುಂದಿನ ದಿನಾಂಕವನ್ನ ಮಗುವಿನ ಜೀವಕ್ಕೂ ಹಾಕಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಮಕ್ಕಳಿಗೆ ಉಚಿತ ಎಕೋ, ಬಂದ ತಾಯಿಗೆ ಅಂದಿನ ಕೂಲಿ, ಬಾರದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆಯ ಭೇಟಿ. ಸಂವಿಧಾನದ 21ನೇ ವಿಧಿ ಕೊಟ್ಟಿರೋ ಬದುಕುವ ಹಕ್ಕು ಇದು, ಭಿಕ್ಷೆ ಅಲ್ಲ. ಮುಂದಿನ ಗ್ರಾಮಸಭೆಯಲ್ಲಿ ಬರೆಸಿ, ಠರಾವು ಮಾಡಿಸಿ.