ಮಾರ್ಚ್ 9ರ ಪ್ರಶ್ನೆ

"ನಿಮಗೆ 730 ದಿನಗಳ ಶಿಶುಪಾಲನಾ ರಜೆಯಿದೆ, ಇನ್ನು ಮಹಿಳಾ ಸಂಘವೇಕೆ?" ಕೇಂದ್ರ ಸರ್ಕಾರದ ನೌಕರಿಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತಿದು. ಹಕ್ಕುಗಳು ಯಾರೋ ದಯಪಾಲಿಸಿದವೆಂಬ ಭ್ರಮೆ ಇದರ ಹಿಂದಿದೆ.

ಕೊಡಗಿನ ಸಿ. ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಅಧಿಕಾರಿಣಿಯರು ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವಿದ್ದ ಸೇವೆ ಅದು. ಬಡ್ತಿ ತಪ್ಪಿದಾಗ ಅವರು ಏಕಾಂಗಿಯಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1979ರ ತೀರ್ಪಿನ ಹೊತ್ತಿಗೆ ಬಡ್ತಿ ಸಿಕ್ಕಿತ್ತು, ಆ ನಿಯಮವೂ ರದ್ದಾಗುವ ಹಂತದಲ್ಲಿತ್ತು. ಸೇವಾನಿಯಮಗಳಿಂದ ಲಿಂಗತಾರತಮ್ಯವನ್ನು ತೊಲಗಿಸಬೇಕೆಂದು ನ್ಯಾಯಾಲಯ ಹೇಳಿತು. ಆ ಮಾತನ್ನು ಪ್ರತಿ ಕಚೇರಿಯಲ್ಲೂ ನೆನಪಿಸಲು ಒಬ್ಬ ಮುತ್ತಮ್ಮ ಸಾಲರು.

ರಾಜಸ್ಥಾನದ ಭಂವರಿ ದೇವಿ ಪ್ರಕರಣದ ಬಳಿಕ ವಿಶಾಖಾ ಮೊದಲಾದ ಸಂಘಟನೆಗಳು ದುಡಿಯುವ ಹೆಂಗಸರೆಲ್ಲರ ಪರವಾಗಿ ಕೋರ್ಟಿಗೆ ಹೋದವು. 1997ರ ಮಾರ್ಗಸೂಚಿಗಳೂ 2013ರ ಕಾಯಿದೆಯೂ ಬಂದದ್ದು ಆ ದಾರಿಯಿಂದ.

ಇಂದು ಹತ್ತು ನೌಕರರಿರುವ ಕಚೇರಿಗೂ ಆಂತರಿಕ ಸಮಿತಿ ಕಡ್ಡಾಯ. ಆದರೆ ಅದನ್ನು ನೇಮಿಸುವುದು ಆಡಳಿತವೇ. ದೂರು ಕೊಟ್ಟವಳ ಬೆನ್ನಿಗೆ ನಿಲ್ಲುವ ನಾಲ್ವರಿಲ್ಲದಿದ್ದರೆ ಅದು ಸೂಚನಾ ಫಲಕದ ಮೇಲಿನ ಹೆಸರುಗಳ ಪಟ್ಟಿ, ಅಷ್ಟೆ.

ಮಾರ್ಚ್ 8ರಂದು ಗುಲಾಬಿ ಹಂಚುವವರು 9ರಂದು ಬಡ್ತಿಯ ಪಟ್ಟಿ ತೋರಿಸಲಿ. ಅದನ್ನು ಕೇಳಲೆಂದೇ ಸಂಘ ಬೇಕು.