‘ಫಿಲ್ ಅಪ್’ ಮಾಡೋಕೆ ಇದೇನು ಪೆಟ್ರೋಲ್ ಟ್ಯಾಂಕೇ?



ಮೊನ್ನೆ ಒಂದು ಬ್ಯಾಂಕಿಗೆ ಹೋಗಿದ್ದೆ. ಹಣ ತೆಗೆಯಲು ಬಂದ ಅಜ್ಜಿಯೊಬ್ಬರು ನನ್ನ ಮುಂದೆ ನಿಂತಿದ್ದರು. ಕೌಂಟರಿನ ಹುಡುಗ ತಲೆಯೂ ಎತ್ತದೆ, “ಫಾರಂ ಫಿಲ್ ಅಪ್ ಮಾಡ್ಕೊಂಡ್ ಬಾಮ್ಮ” ಅಂದ. ಅಜ್ಜಿಗೆ ತಿಳಿಯಲಿಲ್ಲ. ಮತ್ತೆ ಗದರಿದ, ಆಗಲೂ ‘ಫಿಲ್ ಅಪ್’! ಹುಡುಗ ಅಚ್ಚ ಕನ್ನಡಿಗನೇ. ‘ಚೀಟಿ ತುಂಬಿ ತನ್ನಿ’ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಇಂಗ್ಲಿಷ್ ಆಡಿದರೇ ಘನತೆ ಅನ್ನುವವರು ಕೇಳಿ. ಇಂದು ಇಂಗ್ಲೆಂಡಿನವರು ಅರ್ಜಿಯನ್ನು ಹೆಚ್ಚಾಗಿ ‘ಫಿಲ್ ಇನ್’ ಮಾಡುತ್ತಾರೆ, ಅಮೆರಿಕದವರು ‘ಫಿಲ್ ಔಟ್’. ‘ಫಿಲ್ ಅಪ್’ ಅಂದರೆ ಅವರಿಗೆ ಮೊದಲು ನೆನಪಾಗುವುದು ಪೆಟ್ರೋಲ್ ಟ್ಯಾಂಕು! ಒಂದೇ ಕೆಲಸಕ್ಕೆ ಒಬ್ಬ ಒಳಗೆ, ಒಬ್ಬ ಹೊರಗೆ, ನಾವು ಮೇಲೆ!

ಈ ಎರವಲು ಬಾಲ ನಮಗೇಕೆ? ‘ತುಂಬಿಕೊಳ್ಳಿ’ ಅಂದರೆ ನಿಮಗಾಗಿ. ‘ತುಂಬಿಕೊಡಿ’ ಅಂದರೆ ಇನ್ನೊಬ್ಬರಿಗಾಗಿ. ‘ತುಂಬಿಬಿಡಿ’ ಅಂದರೆ ಈಗಲೇ ಮುಗಿಸಿ. ಇಷ್ಟು ಅಚ್ಚುಕಟ್ಟಾದ ಮಾತು ನಾಲಿಗೆಯ ಮೇಲಿದ್ದೂ ಭಿಕ್ಷಾಪಾತ್ರೆ ಹಿಡಿಯಬೇಕೇ?

ಬಸ್ಸು, ಬ್ಯಾಂಕು, ಫಾರಂ ಬಿಡಿ ಎಂದು ನಾನು ಹೇಳುತ್ತಿಲ್ಲ. ಅವು ಅಜ್ಜಿಗೂ ಗೊತ್ತು. ಜನರನ್ನು ಕೌಂಟರಿನಿಂದ ಹಿಂದಕ್ಕೆ ಅಟ್ಟುವ ಮಾತಿನ ಮೇಲೆ ನನ್ನ ಸಿಟ್ಟು. ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಎಲ್ಲ ಇಂಗ್ಲಿಷ್, ಹಿಂದಿ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ 2015ರ ಗ್ರಾಹಕ ಸೇವಾ ಸುತ್ತೋಲೆಯೇ ಹೇಳಿತ್ತು. ನಾವು ಕೇಳುತ್ತಿರುವುದು ದಾನವಲ್ಲ ಸ್ವಾಮಿ, ಹಕ್ಕು!

ನಾನೇನು ಸಾಚಾ ಅಲ್ಲ. ಪಿಯುಸಿ ಓದಿ ಪ್ರೆಸ್ ಇಟ್ಟವನು. ಸಂಘ, ಶಾಲೆ, ಸೊಸೈಟಿಗಳ ಅರ್ಜಿ, ರಸೀತಿ ಪುಸ್ತಕ ಅಚ್ಚು ಹಾಕುತ್ತೇನೆ. “ಇಂಗ್ಲಿಷಲ್ಲೇ ಇರಲಿ, ಗ್ರ್ಯಾಂಡಾಗಿ ಕಾಣುತ್ತೆ” ಅಂದವರಿಗೆಲ್ಲ ತಲೆಯಾಡಿಸಿ ಬಿಲ್ ಬರೆದಿದ್ದೇನೆ. ಆ ಅಜ್ಜಿ ಚೀಟಿ ಹಿಡಿದು ಪಿಳಿಪಿಳಿ ನೋಡಿದಾಗ ನನ್ನ ಪ್ರೆಸ್ಸಿನ ಮಸಿ ನನ್ನ ಮುಖಕ್ಕೇ ಬಳಿದಂತಾಯಿತು. ಇನ್ನು ಮುಂದೆ ಯಾವ ಅರ್ಜಿ ಬಂದರೂ ಕನ್ನಡದ ಸಾಲು ಸೇರಿಸುವ ಡಿಟಿಪಿ ಖರ್ಚು ನನ್ನದು.

ಹುಡುಗರೇ, ನವೆಂಬರ್ ಒಂದಕ್ಕೆ ಬಾವುಟ ಹಿಡಿದು ಎರಡಕ್ಕೆ ‘ಫಿಲ್ ಅಪ್’ ಅಂದರೆ ಏನು ಬಂತು? ಬ್ಯಾಂಕಿನಲ್ಲಿ ಕನ್ನಡದ ಚೀಟಿ ಕೇಳಿ. ಇಲ್ಲ ಅಂದರೆ ಮ್ಯಾನೇಜರಿಗೆ ದೂರು ಬರೆದುಕೊಡಿ, ಕನ್ನಡದಲ್ಲೇ! ಪಕ್ಕದಲ್ಲಿ ಅಜ್ಜಿಯೊಬ್ಬರು ನಿಂತಿದ್ದರೆ, ಮೊದಲು ಅವರ ಚೀಟಿ ತುಂಬಿಕೊಡಿ.